ಬಾರ್ಶಿಯ ಜ್ವರ, ಹೊರ್ತಿಯ ಜ್ವರ

ಹೊರ್ತಿ, ತಾ. ಇಂಡಿ
ಬುಧವಾರ, ೧೯ ಜುಲೈ ೨೦೦೬

ನನ್ನ ಮುದ್ದಿನ ಶೈಲಾ,

ಹೇಗಿದ್ದೀ ತಾಯಿ? ಏಳು ತುಂಬಿ ಎಂಟರಲ್ಲಿ ಬಿತ್ತಲ್ಲ, ಕಾಲಿನ ಬಾವು ಇಳಿಯಿತೇ? ರಕ್ತ ಕಡಿಮೆ ಇದೆಯೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗು. ಸಣ್ಣವಳಿದ್ದಾಗ ಜಂತಿನ ಗುಳಿಗೆಯನ್ನು ದನದ ಗೋದಲಿಗೆ ಎಸೆದು, ಬಾಯಿ ಒರೆಸಿಕೊಂಡು ಬರುತ್ತಿದ್ದೆಯಲ್ಲ, ಆ ಆಟ ಈಗ ಬೇಡ. ಅಳಿಯಂದಿರು ಅನೀಲಕುಮಾರರೂ ನಿಮ್ಮ ಅತ್ತೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕಾರವಾರದಲ್ಲಿ ಈ ಜ್ವರದ ಸುದ್ದಿಯೇ ಇಲ್ಲ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದಿ. ಆ ಸಾಲನ್ನು ಮೂರು ಸಲ ಓದಿದೆ. ಫೋನು ಮಾಡದೆ ಕಾಗದ ಯಾಕೆ ಬರೆದ ಅಪ್ಪ ಎನ್ನಬೇಡ. ಫೋನಿರುವುದು ಪಡಸಾಲೆಯಲ್ಲಿ, ನಿನ್ನ ಅವ್ವ ಮಲಗಿರುವುದೂ ಪಡಸಾಲೆಯಲ್ಲೇ.

ಅವ್ವನ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಕೀಲುನೋವು ಮಾತ್ರ ಬಿಟ್ಟಿಲ್ಲ. ಮುಂಜಾನೆ ಎದ್ದರೆ ಬೆರಳು ಮಡಚಲಾರಳು, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ರೊಟ್ಟಿ ಬಡಿಯುವ ಕೆಲಸ ನನಗೆ ಬಂದಿದೆ. ನಾನು ಬಡಿದ ರೊಟ್ಟಿ ನೋಡಿ, ನೋವಿನಲ್ಲೂ ನಗುತ್ತಾಳೆ ನಿನ್ನವ್ವ ಬಾಳಮ್ಮ. ಆದರೆ ದಿನಕ್ಕೆ ಹತ್ತು ಸಲ ಅವಳದೊಂದೇ ಮಾತು: "ಪಂಚಮಿ ಹತ್ರ ಬಂತು, ಕೂಸಿನ್ನ ಕರ್ಕೊಂಡು ಬರಾಕ ಯಾವಾಗ ಹೋಗ್ತೀರಿ? ಚೊಚ್ಚಲ ಐತಿ, ತವರಿನ್ಯಾಗ ಆಗಬೇಕು." ಎರಡೂ ಕೈ ಎತ್ತಲಾರದವಳು ನಿನ್ನ ಬಾಣಂತನಕ್ಕೆಂದು ಅಂಟಿನುಂಡಿಯ ಸಾಮಾನು ತರಿಸಿಟ್ಟಿದ್ದಾಳೆ. ನಾನು ಹೂಂ ಎಂದೂ ಅಂದಿಲ್ಲ, ಊಂಹೂಂ ಎಂದೂ ಅಂದಿಲ್ಲ.

ಈಗ ನನ್ನ ತಪ್ಪೊಂದನ್ನು ನಿನಗೆ ಹೇಳಬೇಕು. ಮೂವತ್ತು ವರ್ಷ ಮಲೇರಿಯಾ ಇಲಾಖೆಯಲ್ಲಿ ದುಡಿದವನು ನಾನು. ಊರವರು ನನ್ನನ್ನು ಮಲೇರಿಯಾ ಖಂಡೆಪ್ಪ ಎಂದೇ ಕರೆಯುವುದು, ಜ್ವರ ಬಂದರೆ ದವಾಖಾನೆಗಿಂತ ಮೊದಲು ನಮ್ಮ ಕಟ್ಟೆಗೆ ಬರುವುದು ನಿನಗೆ ಗೊತ್ತು. ಎಪ್ಪತ್ಮೂರರಲ್ಲಿ ನಿನ್ನ ಸೋದರತ್ತೆಯ ಊರು ಬಾರ್ಶಿಗೆ ಹೋದಾಗ ಇದೇ ಚಿಕೂನ್‌ಗುನ್ಯಾ ನನಗೆ ಬಂದಿತ್ತು. ಎಂಟು ದಿನ ಮಲಗಿ ಎದ್ದು, ಒಂಬತ್ತನೆಯ ದಿನ ಸೈಕಲ್ ತುಳಿದಿದ್ದೆ. ಈ ಸಲ ಜೂನ್‌ನಲ್ಲಿ ಊರಿನ ಅರ್ಧ ಜನ ಸೊಂಟ ಬಗ್ಗಿಸಿ ನಡೆಯತೊಡಗಿದಾಗ ಕಟ್ಟೆಯ ಮೇಲೆ ಕುಳಿತು ಬಾರ್ಶಿಯ ಕತೆ ಹೇಳಿದೆ. "ಅಂಜಬ್ಯಾಡ್ರಿ, ಇದು ನನ್ನ ಗುರ್ತಿನ ಜ್ವರ. ವಾರಕ್ಕ ಬಂದು ವಾರಕ್ಕ ಹೋಗತೈತಿ." ಮನೆಯಲ್ಲಿ ಜನ ಬಿದ್ದಿದ್ದರೂ ನನಗೆ ಮಾತ್ರ ಏನೂ ಆಗದ್ದು ನೋಡಿ ಅವರಿಗೆ ನಂಬಿಕೆ ಬಂತು, ನನಗೆ ಸೊಕ್ಕು ಬಂತು. ಹಳೆಯ ಅಭ್ಯಾಸದಂತೆ ಗಟಾರಕ್ಕೆಲ್ಲ ಎಣ್ಣೆ ಹಾಕಿಸಿದೆ, ರಾತ್ರಿ ಪರದೆ ಕಟ್ಟಿಕೊಳ್ಳಿ ಎಂದೆ. ಆರು ದಿನಕ್ಕೊಮ್ಮೆ ನಳದ ನೀರು ಬರುವ ಊರು ನಮ್ಮದು, ಆದ್ದರಿಂದ ತುಂಬಿಟ್ಟ ತೊಟ್ಟಿಯ ನೀರು ಚೆಲ್ಲಬೇಡಿ ಎಂದೂ ಹೇಳಿದೆ.

ಆಗಲೇ ನೆರೆಮನೆಯ ಮಶಾಕಸಾಬ ಬಂದು ಕೇಳಿದ. ಮಗಳು ಸಾಬೀರಾಳಿಗೆ ದಿನ ತುಂಬಿವೆ, ಆಲಮೇಲದಿಂದ ಹೆರಿಗೆಗೆ ಕರೆತರಲೋ ಬೇಡವೋ ಎಂದು ಅವನಿಗೆ ಅಳುಕು. ನಾನು ಬೆನ್ನು ತಟ್ಟಿ ಹೇಳಿದೆ: "ಕರ್ಕೊಂಡು ಬಾ ಮಾರಾಯಾ, ನಾ ಅದೇನಿ." ಅವನು ಕರೆತಂದ. ನಿನ್ನ ಜೊತೆ ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತ ಹುಡುಗಿ, ಬಂದವಳೇ ನಿನ್ನನ್ನು ಕೇಳಿದಳು. ಹನ್ನೆರಡನೆಯ ದಿನ ಅವಳಿಗೆ ಜ್ವರ, ಮರುದಿನವೇ ಹೆರಿಗೆ ಬ್ಯಾನಿ. ಕೂಸು ಹುಟ್ಟಿದಾಗ ಚೆನ್ನಾಗಿತ್ತು ಶೈಲಾ, ನಾನೇ ಎತ್ತಿಕೊಂಡಿದ್ದೆ, ಕೈಯಲ್ಲಿ ಭಾರ ಹತ್ತಿತ್ತು. ನಾಲ್ಕನೆಯ ದಿನ ಮೈ ಕೆಂಡವಾಯಿತು, ಮೊಲೆ ಬಿಟ್ಟಿತು, ಫಿಟ್ಸ್ ಬಂದವು. ವಿಜಾಪುರಕ್ಕೆ ಒಯ್ದರು. ಒಂಬತ್ತನೆಯ ದಿನ ಜೀಪಿನಲ್ಲಿ ತಿರುಗಿ ತಂದರು. ಮಣ್ಣಿಗೆ ನಾನೂ ಹೋಗಿದ್ದೆ. ಮಶಾಕಸಾಬ ನನಗೆ ಇವತ್ತಿನವರೆಗೆ ಒಂದು ಮಾತೂ ಅಂದಿಲ್ಲ. ಮೊನ್ನೆ ಕೂಡ ಎದುರಾದಾಗ "ಚಾ ಆತೇನ್ರಿ ಖಂಡೆಪ್ಪಣ್ಣ" ಅಂದ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹೋದ ವಾರ ಪುಣೆಯ ಪ್ರಯೋಗಾಲಯದಿಂದ ರಕ್ತ ತೆಗೆಯಲು ನಾಲ್ಕು ಮಂದಿ ಬಂದಿದ್ದರು. ಅವರಲ್ಲಿ ರೇಣುಕಾ ಎಂಬ ಹುಡುಗಿ ಸಿಂದಗಿಯವಳು, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ನಮ್ಮ ಮನೆಯ ಕುಡಿಯುವ ನೀರಿನ ತೊಟ್ಟಿಗೆ ಬ್ಯಾಟರಿಯ ಬೆಳಕು ಬಿಟ್ಟು ಸೊಳ್ಳೆಯ ಹುಳ ಕುಣಿಯುವುದನ್ನು ನನಗೇ ತೋರಿಸಿದಳು. "ಇದು ಹಗಲು ಕಚ್ಚೋ ಸೊಳ್ಳಿ ಕಾಕಾ, ಚೊಕ್ಕ ನೀರಾಗ ಹುಟ್ಟತೈತಿ." ತರಬೇತಿಯಲ್ಲಿ ಎಂದೋ ಕೇಳಿದ್ದೆ, ಮಲೇರಿಯಾಕ್ಕೆ ಬೇಡವಾದದ್ದೆಂದು ಮರೆತಿದ್ದೆ. ಬಾರ್ಶಿಯ ಕತೆ ಹೇಳಿದಾಗ ಅವಳು ನಗಲಿಲ್ಲ. "ಜ್ವರದ ಹೆಸರು ಅದೇ, ವೈರಸ್ಸಿನ ಮನಿತನ ಬ್ಯಾರೆ. ನೀವು ಕಂಡಿದ್ದು ಒಂದು, ಈಗ ಬಂದಿದ್ದು ಆಫ್ರಿಕಾ ಕಡಿದು. ಆ ಜ್ವರ ನಿಮ್ಮನ್ನ ಈಗ ಕಾಯಾಕತ್ತೈತಿ, ಊರಿನವರಿಗೆ ಆ ಕಾವಲು ಇಲ್ಲ" ಎಂದಳು. ವೈರಸ್ಸಿನೊಳಗೆ ಹನ್ನೊಂದು ಸಾವಿರಕ್ಕೂ ಮಿಕ್ಕಿ ಅಕ್ಷರಗಳ ಬರಹವಿದೆಯಂತೆ. ತನ್ನ ನಕಲು ತಾನೇ ತೆಗೆಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದಂತೆ. ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ, ಒಂದೊಂದು ಮಾತ್ರ ಅದರ ಕೈ ಬಲ ಮಾಡುತ್ತದೆ. ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ ಹಾಗೆ ಒಂದು ಅಕ್ಷರ ಬದಲಾಗಿ, ಬೇರೊಂದು ಜಾತಿಯ ಸೊಳ್ಳೆಗೂ ಅದು ಒಗ್ಗಿರಬೇಕೆಂದು ಅನುಮಾನ. ಆ ದ್ವೀಪದಲ್ಲೇ, ಹೆರಿಗೆಯ ಹೊತ್ತಿಗೆ ತಾಯಿಗೆ ಜ್ವರವಿದ್ದರೆ ಕೂಸಿಗೂ ತಗಲುವುದನ್ನು ಡಾಕ್ಟರರು ಕಂಡಿದ್ದಾರೆ. ನಮ್ಮ ರಕ್ತದಲ್ಲಿ ಆ ಬದಲಾವಣೆ ಇದೆಯೋ ಇಲ್ಲವೋ ನೋಡಲೆಂದೇ ಅವರು ಬಂದದ್ದು. ಮುಂದೆ ಯಾವ ಊರಿಗೆ, ಯಾರಿಗೆ ಹೆಚ್ಚು ಅಪಾಯ ಎಂದು ಮುಂಚಿತವಾಗಿ ಹೇಳಲು ಅದು ಬೇಕಂತೆ. ಸಾಬೀರಾಳ ಕೂಸು ಆ ಒಂದು ಅಕ್ಷರದಿಂದಲೇ ಹೋಯಿತೇ ಎಂದು ಕೇಳಿದೆ. "ಗೊತ್ತಿಲ್ಲ ಕಾಕಾ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಬಾರದು" ಎಂದಳು. ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಆದರೂ ಚುಚ್ಚಿತು. ವೈರಸ್ಸು ಮೂವತ್ಮೂರು ವರ್ಷದಲ್ಲಿ ಬದಲಾಗಿತ್ತು, ನಾನು ಮಾತ್ರ ಹಳೆಯ ಜ್ವರದ ನಕಲನ್ನೇ ಊರಿಗೆ ಹಂಚಿದ್ದೆ.

ಈಗ ದಿನಾ ಮುಂಜಾನೆ ಮನೆಮನೆಗೆ ಹೋಗಿ ತೊಟ್ಟಿ ತಿಕ್ಕಿಸುತ್ತಿದ್ದೇನೆ, ಮುಚ್ಚಳ ಹಾಕಿಸುತ್ತಿದ್ದೇನೆ. ಕೆಲವರು ಬೈಯುತ್ತಾರೆ: "ಆಗ ಚೆಲ್ಲಬ್ಯಾಡ ಅಂದ್ರಿ, ಈಗ ಚೆಲ್ಲು ಅಂತೀರಿ." ನಿಜವೇ ಅಲ್ಲವೇ, ಅನ್ನಲಿ. ಎಲ್ಲ ತೊಟ್ಟಿ ಒಣಗಿಸಿ ಮುಗಿಯುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತದೆ.

ಅತ್ತೆಯವರಿಗೆ ನನ್ನ ಶರಣು ತಿಳಿಸು. ಅಳಿಯಂದಿರಿಗೆ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ, ಹಗುರಾಗಿ ಹೆತ್ತು, ಹೂವಿನಂತೆ ಏಳು.

ನಿನ್ನ ಅಪ್ಪ,
ಖಂಡೆಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪಂಚಮಿಗೆ ನಾನು ಕರೆಯಲು ಬರುವುದಿಲ್ಲ. ಬಾಣಂತನ ಅಲ್ಲೇ ಆಗಲಿ. ತವರಿನವರು ಕೈ ಎತ್ತಿದರು ಎಂದು ಅತ್ತೆಯವರು ಅಂದರೆ ಈ ಕಾಗದವನ್ನು ಪೂರ್ತಿ ಓದಿ ಹೇಳು, ನನ್ನ ಮಾನ ಮುಚ್ಚಬೇಡ. ಅವ್ವನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಗಂಟು ಕಟ್ಟಿದ್ದರೆ ಬಿಚ್ಚಿಡು. ಮಶಾಕಸಾಬನ ಮಗಳಿಗೆ ಬಾ ಅಂದದ್ದು ಇದೇ ಬಾಯಿ. ನಿನಗೆ ಬರಬೇಡ ಅನ್ನುತ್ತಿದೆ, ಕೇಳು ಮಗಳೇ.