ಅಪ್ಪಾಜಿಯ ಬಾವಿ

ಎನ್.ಆರ್. ಕಾಲೋನಿ, ಬೆಂಗಳೂರು
೨೧ ಮಾರ್ಚ್ ೧೯೫೪

ಪ್ರಿಯ ಮಂಗಳಾ,

ನೀನು ಸಂಕ್ರಾಂತಿಗೆ ಬರೆದ ಕಾಗದಕ್ಕೆ ಯುಗಾದಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡೇ ಇರುತ್ತೀಯ. ಕೆಲಸ ಜಾಸ್ತಿಯಿತ್ತು ಎನ್ನುವುದು ಅರ್ಧ ಕಾರಣ ಮಾತ್ರ. ಬರೆಯಲು ಕೂತು, ಕಾಗದ ಮಡಿಸಿಟ್ಟು ಎದ್ದದ್ದೂ ಉಂಟು. ನಿಮ್ಮ ಅತ್ತೆಯವರ ಮಂಡಿನೋವು ಹೇಗಿದೆ? ಗಿರಿಜೆ ಸ್ಲೇಟು ಹಿಡಿದಳೆ? ನನ್ನ ಅಮ್ಮ ಚೆನ್ನಾಗಿದ್ದಾಳೆ. ನನಗೆ ಗಂಡು ಹುಡುಕುವುದನ್ನು ಬಿಟ್ಟು, ಈಗ ನನ್ನ ವಿದ್ಯಾರ್ಥಿನಿಯರಿಗೆ ಕೋಡುಬಳೆ ಮಾಡಿ ಕಳಿಸುವ ಕೆಲಸ ಹಿಡಿದಿದ್ದಾಳೆ.

ಆ ಹುಡುಗಿಯರ ವಿಷಯವೇ ಹೇಳಬೇಕು. ಬಿ.ಎಸ್ಸಿ. ಮುಗಿಸುವ ಹೊತ್ತಿಗೂ ಅವರು ಕಪ್ಪೆ ಕೊಯ್ಯುವುದು ಬಿಟ್ಟು ಬೇರೇನೂ ಮಾಡಿರುವುದಿಲ್ಲ. ನೀರಿನಿಂದ ಬರುವ ರೋಗಗಳ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ತಮ್ಮ ಮನೆಯ ಬಾವಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆಯುವುದೇ ಇಲ್ಲ. ಅವರನ್ನು ಚಾಮರಾಜಪೇಟೆಯ ಬೀದಿಗಳಿಗೆ ಕರೆದುಕೊಂಡು ಹೋಗಿ, ಬಾವಿಗಳ ನೀರು ತಂದು ಪರೀಕ್ಷೆ ಮಾಡಿಸಬೇಕೆಂದು ನನಗೆ ಆಸೆ. ವಿಶ್ವವಿದ್ಯಾನಿಲಯಕ್ಕೆ ಬರೆದೆ. ಇಂಥ ಖರ್ಚಿಗೆ ಬಾಬ್ತೇ ಇಲ್ಲವೆಂದು ಉತ್ತರ ಬಂತು. ನಮ್ಮ ಪ್ರಿನ್ಸಿಪಾಲರು, “ಹೆಣ್ಣುಮಕ್ಕಳು ಬೀದಿ ಬೀದಿ ಸುತ್ತೋಕೆ ಕಾಲೇಜಿನ ಹಣ ಹೇಗಮ್ಮ ಕೊಡ್ಲಿ? ಹೊರಗಡೆ ಯಾರಾದ್ರೂ ಕೊಟ್ರೆ ಬೇಡ ಅನ್ನಲ್ಲ” ಎಂದರು.

ಹೊರಗಿನವರೆಂದರೆ ನನಗೆ ಗೊತ್ತಿದ್ದ ವ್ಯಾಪಾರಸ್ಥರು ನಿಮ್ಮ ಅಪ್ಪಾಜಿ ಒಬ್ಬರೇ. ಮಾಮೂಲ್‌ಪೇಟೆಯ ಅಂಗಡಿಗೆ ಹೋದೆ. ದಾರದ ಉಂಡೆಗಳ ಮಧ್ಯೆ ಕೂರಿಸಿ, ಬಾದಾಮಿ ಹಾಲು ತರಿಸಿ, ಪೂರ್ತಿ ಕೇಳಿಸಿಕೊಂಡರು.

“ಇದರಿಂದ ಹುಡುಗೀರು ಏನು ಕಲೀತಾರಮ್ಮ?”

“ಪುಸ್ತಕದಲ್ಲಿ ಇರೋದು ನಮ್ಮೂರಲ್ಲೂ ನಿಜಾನಾ ಅಂತ ತಾವೇ ನೋಡ್ತಾರೆ, ಅಪ್ಪಾಜಿ.”

“ಹಾಗಾದ್ರೆ ಮೊದಲು ಚಾಮರಾಜಪೇಟೆಯ ನಮ್ಮ ಮನೆ ಬಾವಿಯಿಂದಲೇ ಶುರುಮಾಡಿ. ಆ ಬೀದೀಲಿ ಅದರಂಥ ನೀರು ಇನ್ನೆಲ್ಲಿದೆ?” ಎಂದು ನಕ್ಕರು. ಗಾಜಿನ ಸಾಮಾನು, ಔಷಧಿ, ಬಸ್ಸಿನ ಖರ್ಚು ಎಲ್ಲವನ್ನೂ ತಾವೇ ವಹಿಸಿಕೊಂಡರು. ಕಾಲೇಜಿನ ಬೋರ್ಡಿನ ಮೇಲೆ ಹೆಸರು ಬರೆಸುತ್ತೇನೆಂದರೆ ಬೇಡವೆಂದರು.

ಹುಡುಗಿಯರ ಸಂಭ್ರಮ ನೀನು ನೋಡಬೇಕಿತ್ತು. ಗೋದಾ ಎಂಬ ಒಬ್ಬಳಿದ್ದಾಳೆ, ತರಗತಿಯಲ್ಲಿ ಬಾಯಿ ಬಿಡದವಳು. ಬೀದಿಗೆ ಇಳಿದ ಮೇಲೆ ಅವಳೇ ಮುಂದಾಳು. ಮುಚ್ಚಿದ ಬಾಗಿಲು ತಟ್ಟಿ, ಅಜ್ಜಿಯರ ಹತ್ತಿರ ಕೂತು, ಮನೆಯಲ್ಲಿ ಯಾರಿಗೆ ಯಾವಾಗ ಜ್ವರ ಬಂದಿತ್ತೆಂದು ಕೇಳಿ ತಿಳಿದುಕೊಳ್ಳುತ್ತಿದ್ದಳು. ತಂದ ನೀರಿಗೆ ಹಾಲಿನ ಸಕ್ಕರೆಯ ದ್ರಾವಣ ಬೆರೆಸಿ, ಗಾಜಿನ ನಳಿಗೆಗಳಲ್ಲಿ ತುಂಬಿ ಬೆಚ್ಚಗೆ ಇಡುತ್ತಿದ್ದೆವು. ಕಕ್ಕಸಿನ ಹೊಲಸು ಬೆರೆತ ನೀರಾದರೆ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ.

ನಿಮ್ಮ ಬಾವಿಯ ನಳಿಗೆಗಳಲ್ಲಿ ಗುಳ್ಳೆ ಎದ್ದಿತು, ಮಂಗಳಾ.

ನಾನು ಮತ್ತೆ ನೀರು ತರಿಸಿದೆ. ಮತ್ತೆಯೂ ಅದೇ. ಇನ್ನೊಂದು ಸಲ ನೋಡೋಣ ಎಂದಾಗ ಗೋದಾ ಮೆಲ್ಲಗೆ ಕೇಳಿದಳು: “ಮಿಸ್, ಬೇರೆಯವರ ಬಾವಿ ಆಗಿದ್ರೆ ಇಷ್ಟು ಸಲ ನೋಡ್ತಿದ್ವಾ?”

ಅವಳನ್ನೇ ಜೊತೆಗೆ ಕರೆದುಕೊಂಡು ನಿಮ್ಮ ಮನೆಗೆ ಹೋದೆ. ಹಿಂದಿನ ಹಿತ್ತಿಲಿನವರು ಕೆಲವು ವರ್ಷಗಳ ಹಿಂದೆ ತೋಡಿಸಿದ ಕಕ್ಕಸಿನ ಗುಂಡಿ, ನಿಮ್ಮ ಬಾವಿಗೆ ತೀರ ಸಮೀಪ. ಅಲ್ಲಿಂದ ನೀರು ಒಳಗೊಳಗೇ ಜಿನುಗುತ್ತಿರಬಹುದೆಂದು ಗೋದಾ ಬಿಡಿಸಿ ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ. ನಿಮ್ಮ ಚಿಕ್ಕಪ್ಪ ಮಲ್ಲಿಕಾರ್ಜುನಯ್ಯನವರೂ ಅಲ್ಲೇ ಇದ್ದರು.

“ನಮ್ಮ ದುಡ್ಡು ಕೊಟ್ಟು ನಮ್ಮ ಮನೆ ಮರ್ಯಾದೆ ತೆಗೆಸ್ಕೊಂಡ ಹಾಗಾಯ್ತು” ಎಂದರು. “ಅಣ್ಣ, ಇದನ್ನ ಇಲ್ಲಿಗೇ ನಿಲ್ಲಿಸ್ಬಿಡಿ.”

ನಿಮ್ಮಮ್ಮ ಅಳುವಂತಾದರು. “ಇಷ್ಟು ವರ್ಷ ಈ ನೀರಲ್ಲೇ ಲಿಂಗಪೂಜೆ ಮಾಡಿದೀನಿ. ಇನ್ಮೇಲೆ ನಲ್ಲಿ ನೀರಲ್ಲಿ ಹೇಗಮ್ಮ ಮಾಡ್ಲಿ?”

ಅಪ್ಪಾಜಿ ಎದ್ದು ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನೋಡಿದರೆ ಹಗ್ಗವನ್ನು ರಾಟೆಯಿಂದ ಬಿಚ್ಚಿ ಸುತ್ತಿಡುತ್ತಿದ್ದಾರೆ. ಆಮೇಲೆ ಗೋದಾಳನ್ನು ಕರೆದು, “ಬಾ ತಾಯಿ, ನನಗೆ ಹೇಳಿದ್ದನ್ನ ಬೀದಿಯವರಿಗೂ ಹೇಳು. ಈ ನೀರು ಕುಡೀರಿ ಅಂತ ಕರೆದು ಕೊಟ್ಟವನು ನಾನು. ಬೇಡ ಅಂತ ಹೇಳುವಾಗಲೂ ನಾನೇ ಪಕ್ಕದಲ್ಲಿ ನಿಂತಿರಬೇಕು” ಎಂದರು. ಇಬ್ಬರೂ ಮನೆಮನೆಗೆ ಹೋದರು. ಕೆಲವರು ಒಪ್ಪಿದರು. ಕೆಲವರು ಹುಡುಗಿಯನ್ನು ನೋಡಿ ನಕ್ಕರು, ಅಪ್ಪಾಜಿಯ ಮುಖ ನೋಡಿ ಸುಮ್ಮನಾದರು.

ಬಾವಿಗೆ ಈಗ ಹಲಗೆ ಹೊದಿಸಿದ್ದಾರೆ. ಹಣವನ್ನೂ ನಿಲ್ಲಿಸಲಿಲ್ಲ. ಬರುವ ವರ್ಷ ಮಲ್ಲೇಶ್ವರದ ಬಾವಿಗಳನ್ನೂ ನೋಡಿ ಎಂದಿದ್ದಾರೆ. ಪ್ರಿನ್ಸಿಪಾಲರು ಈಗ ಬಂದವರಿಗೆಲ್ಲ “ನಮ್ಮ ಹುಡುಗಿಯರ ಕೆಲಸ” ಎಂದು ಹೇಳುತ್ತಾರಂತೆ. ನಿಮ್ಮ ಚಿಕ್ಕಪ್ಪ ಮಾತ್ರ ನನ್ನನ್ನು ಕಂಡರೆ ಇನ್ನೂ ಮುಖ ತಿರುಗಿಸುತ್ತಾರೆ.

ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ. ಗಿರಿಜೆಯ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಓದು ಬರಹ ಚೆನ್ನಾಗಿ ಕಲಿಯಲಿ, ನೂರು ಕಾಲ ಬಾಳಲಿ. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ.

ನಿನ್ನ,
ಕೋಕಿಲಾ

ತಾ.ಕ.: ಇದನ್ನು ಬರೆಯಲಾರದೆಯೇ ಅಷ್ಟು ದಿನ ಕಾಗದ ಮಡಿಸಿಟ್ಟದ್ದು. ಅವತ್ತು ನಾನು ಹೊರಡುವಾಗ ಅಪ್ಪಾಜಿ ಗೇಟಿನ ತನಕ ಬಂದರು. “ಸಿದ್ಧು ಹೋಗಿದ್ದೂ ಈ ನೀರಿನಿಂದಲೇನಾ?” ಎಂದು ಕೇಳಿದರು. ಮೂರು ವರ್ಷದ ಹಿಂದೆ ನಿನ್ನ ಕಂದ ಆ ಮನೆಯಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಎಲ್ಲರೂ ನಿನ್ನನ್ನೇ ಅಂದರು, ಗಾಂಧಿ ಬಜಾರಿನಲ್ಲಿ ಶರಬತ್ತು ಕೊಡಿಸಿದಳೆಂದು. ನೀನೂ ಅದನ್ನೇ ನಂಬಿದೆ. ಆಮೇಲೆ ತವರಿನ ಹೊಸಿಲು ತುಳಿಯಲಿಲ್ಲ. “ಮೂರು ವರ್ಷದ ಹಿಂದಿನ ನೀರನ್ನ ನಾನು ನೋಡಿಲ್ಲ, ಅಪ್ಪಾಜಿ. ಹೌದು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ” ಎಂದೆ. “ಹಾಗೇ ಬರಿ ಅವಳಿಗೆ. ಅವಳ ಮೇಲೆ ಹೊರಿಸಿದ್ದು ತಪ್ಪು ಅಂತ ಬರಿ. ಮಗು ಬೆಳಿಗ್ಗೆ ಎದ್ದು ನನ್ನ ಹಿಂದೇನೇ ಬರ್ತಿತ್ತು. ನಾನೇ ನೀರು ಸೇದಿ, ಬೊಗಸೆಯಲ್ಲಿ ಕುಡಿಸ್ತಿದ್ದೆ” ಎಂದವರು ಗೇಟು ಹಿಡಿದು ನಿಂತುಬಿಟ್ಟರು. ನಿಮ್ಮಮ್ಮನಿಗೆ ಅಪ್ಪಾಜಿ ಇದನ್ನು ಹೇಳಿಲ್ಲ. ದಾವಣಗೆರೆಗೆ ಬಂದು ನಿನ್ನ ಎದುರು ನಿಲ್ಲುವ ಧೈರ್ಯ ಅವರಿಗಿಲ್ಲ. ಯುಗಾದಿಗೆ ನೀನೇ ಬಾ, ಮಂಗಳಾ. ಅವರ ಜೊತೆ ಅಳಬೇಕೆನ್ನಿಸಿದರೆ ಅಳು. ಬೈಯಬೇಕೆನ್ನಿಸಿದರೂ ಬಂದೇ ಬೈಯಿ.