ದಪ್ಪ ಗಡಿಯಾರ, ತೆಳು ಗಡಿಯಾರ ಮತ್ತು ನಾಳಿನ ಮುಹೂರ್ತ

ತೇಲೂರು, ಹೊನ್ನಾವರದ ಎದುರಿನ ಸಮುದ್ರ
ಹದಿಮೂರನೇ ತಿಂಗಳ ಒಂಬತ್ತನೇ ತಾರೀಖು, 2307

ಪೂಜ್ಯ ದೇವಿದಾಸ ನಾಯ್ಕ ಅಜ್ಜನವರಿಗೆ, ನಿಮ್ಮ ಒಂಬತ್ತನೇ ತಲೆಮಾರಿನ ಮಾಸ್ತಪ್ಪನ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಜನ ಅದನ್ನು ಯುದ್ಧ ತಡೆಯಲು, ಸತ್ತವರ ಕ್ಷಮೆ ಕೇಳಲು ಬಳಸುತ್ತಾರೆ. ನಾನು ಕೈಗಡಿಯಾರದ ಬಗ್ಗೆ ಬರೆಯುತ್ತಿದ್ದೇನೆ.

ನಿಮ್ಮ ದಿನಚರಿ ನಮ್ಮಲ್ಲಿದೆ. ಒಂಬತ್ತು ದಿನ ನೀವು ಒಂದೇ ಅಂಗಡಿಗೆ ಹೋಗಿ, ಇನ್ನೂರು ಮೀಟರ್ ಆಳಕ್ಕೆ ಇಳಿಯಬಲ್ಲ ಕಿತ್ತಳೆ ಮುಖದ ದಪ್ಪ ಗಡಿಯಾರವನ್ನೂ ಚರ್ಮದ ಪಟ್ಟಿಯ ತೆಳು ಗಡಿಯಾರವನ್ನೂ ನೋಡಿ, ಎರಡನ್ನೂ ಬಿಟ್ಟು, ಚಹಾ ಕುಡಿದು ಮನೆಗೆ ಬಂದಿದ್ದೀರಿ. ತೆಳುವಾದದ್ದು ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಸರಿಯುತ್ತದೆ ಎಂದು ಮೆಚ್ಚಿದ್ದೀರಿ. ಹತ್ತನೇ ದಿನ ನೀವು ದಪ್ಪದ್ದನ್ನು ಕೊಳ್ಳುತ್ತೀರಿ. ಹನ್ನೊಂದನೇ ದಿನ ಹೀಗೆ ಬರೆಯುತ್ತೀರಿ: ‘ಸ್ನಾನಕ್ಕೆ ಮೊದಲು ಗಡಿಯಾರ ಬಿಚ್ಚಿಟ್ಟೆ. ನೀರು ತಾಗಬಾರದು.’ ಈ ಪತ್ರ ಒಂಬತ್ತನೇ ದಿನವೇ ತಲುಪಲಿ ಎಂದು ಕೋರಿದ್ದೇನೆ.

ನಮ್ಮಲ್ಲಿ ಗಂಟೆ, ನಿಮಿಷಗಳ ಲೆಕ್ಕವಿಲ್ಲ, ಸಮುದ್ರದ ಉಬ್ಬರ ಇಳಿತವೇ ಲೆಕ್ಕ. ಊರೇ ನೀರಿನ ಮೇಲಿರುವುದರಿಂದ ಕಚೇರಿ ಅರೆಯುಬ್ಬಿಗೆ ತೆರೆಯುತ್ತದೆ, ತುಂಬಿಳಿತಕ್ಕೆ ಮುಚ್ಚುತ್ತದೆ. ಕಾಲಡಿಯ ಹಲಗೆ ಎಷ್ಟು ಏರಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಮದುವೆಯಲ್ಲಿ ಮಾತ್ರ ಹಳೆಯ ಪದ್ಧತಿ ಉಳಿದಿದೆ. ಹೆಣ್ಣಿನ ಅಪ್ಪ ಹಿರಿಯರ ಗಡಿಯಾರ ಕಟ್ಟಿ, ಮುಹೂರ್ತದ ಹೊತ್ತನ್ನು ಅದರಲ್ಲಿ ಓದಿ, ಕೈ ಎತ್ತಬೇಕು. ಸುತ್ತಲಿನ ದೋಣಿಗಳಿಂದ ಜನ, ಗಂಡು ಹೆಣ್ಣು ನಿಲ್ಲುವ ಹಲಗೆಯ ಮೇಲೆ ಅಕ್ಷತೆ ಹಾಕುತ್ತಾರೆ. ಅಕ್ಷತೆ ಬಿದ್ದರೆ ಮುಹೂರ್ತ ಮುಗಿದಂತೆ. ಆ ಹೆಣ್ಣಿಗೆ ಇನ್ನೊಂದು ಮುಹೂರ್ತ ಬರುವುದು ಹದಿಮೂರು ತಿಂಗಳ ಮೇಲೆ.

ನನಗೆ ಗಡಿಯಾರ ಓದಲು ಬರುವುದಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ದೊಡ್ಡ ಮಗಳು ಶರಾವತಿಯ ಮದುವೆಯ ದಿನ, ನಿಮ್ಮ ಆ ದಪ್ಪ ಗಡಿಯಾರದ ಅಂಚಿನಲ್ಲಿ ತಿರುಗುವ ಬಳೆಯ ಮೇಲಿನ ತ್ರಿಕೋನವೇ ಹೊತ್ತು ತೋರಿಸುವುದು ಎಂದುಕೊಂಡಿದ್ದೆ. ಬೆಳಿಗ್ಗೆ ಒರೆಸುವಾಗ ಬಳೆ ತಿರುಗಿತ್ತೆಂದು ಕಾಣುತ್ತದೆ. ಗಂಡಿನ ದೋಣಿ ಇನ್ನೂ ಮೊದಲನೇ ಸೇತುವೆಯ ಹತ್ತಿರವಿರುವಾಗಲೇ ನಾನು ಕೈ ಎತ್ತಿದೆ. ಖಾಲಿ ಹಲಗೆಯ ಮೇಲೆ ಅಕ್ಷತೆ ಬಿತ್ತು. ಗಂಡಿನ ತಾಯಿ ಗಿರಿಜಕ್ಕ ದೋಣಿಯಿಂದ ಇಳಿಯಲೇ ಇಲ್ಲ. “ನಿಮ್ಮಲ್ಲಿ ಗಂಡು ಇಲ್ದೇನೂ ಮದ್ವೆ ಆಗ್ತದ್ಯ?” ಎಂದು ಕೇಳಿದರು. “ಗೊತ್ತಿದ್ರೆ ನಾವು ಮನೇಲೇ ಉಳೀತಿದ್ವು.” ಶರಾವತಿ ಒಂದು ವರ್ಷ ಕಾದಳು. ಎರಡನೇ ಸಲ ಕೈ ಎತ್ತಿದ್ದು ನನ್ನ ಭಾವಮೈದುನ. ಈಗ ಅವನೂ ಇಲ್ಲ.

ನಾಳೆ ಸಣ್ಣವಳು ನಾಗವೇಣಿಯ ಮದುವೆ.

ಆದ್ದರಿಂದ ಅಜ್ಜಾ, ದಯವಿಟ್ಟು ತೆಳುವಾದದ್ದನ್ನು ಕೊಳ್ಳಿ. ಅದರಲ್ಲಿ ಬಳೆಯಿಲ್ಲ ಎಂಬುದು ನೆಪ. ನಿಜವೇನೆಂದರೆ, ಈ ಉಪ್ಪುಗಾಳಿಯಲ್ಲಿ ಅದು ಮೂರು ತಲೆಮಾರಿನೊಳಗೆ ಕೆಟ್ಟು ಹೋಗುತ್ತದೆ, ನನ್ನ ಕೈಗೆ ಬರುವುದೇ ಇಲ್ಲ.

ಇಷ್ಟು ಬರೆಯುವಾಗ ನಾಗವೇಣಿ ಹಿಂದೆ ನಿಂತು ಓದುತ್ತಿದ್ದದ್ದು ನನಗೆ ತಿಳಿಯಲಿಲ್ಲ. “ಅಪ್ಪಾ, ನಿಂಗೆ ಓದೂಕೆ ಬರೂದಿಲ್ಲ ಅಂತ ನಂಗೆ ಸಣ್ಣೋಳಿದ್ದಾಗಿಂದ ಗೊತ್ತದೆ,” ಎಂದಳು. “ನಾಳೆ ನನ್ನ ಮುಖ ನೋಡು. ಅವ ಬಂದು ಹಲಗೆ ಮೇಲೆ ನಿಂತಮೇಲೆ ನಾ ತಲೆ ಅಲ್ಲಾಡಿಸ್ತೆ, ನೀ ಕೈ ಎತ್ತು. ಎಲ್ಲಾ ಅಪ್ಪಂದಿರೂ ಮಾಡೂದು ಹಾಗೇ.”

ಇದನ್ನು ಕೇಳಿ ಸಮಾಧಾನವೂ ಸ್ವಲ್ಪ ಅವಮಾನವೂ ಆಯಿತು. ಹಿಂದಂಚೆಯ ಶಾಯಿಯನ್ನು ಅಳಿಸಲು ಬರುವುದಿಲ್ಲ, ಹಾಗಾಗಿ ಮೇಲಿನ ಕೋರಿಕೆಯನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ದಪ್ಪದ್ದನ್ನೇ ಕೊಳ್ಳಿ. ತೋಳಿನೊಳಗೆ ಸರಿಯುವ ಗಡಿಯಾರದಿಂದ ನಮಗೆ ಉಪಯೋಗವಿಲ್ಲ. ಕೈ ಎತ್ತಿದರೆ ಕೊನೆಯ ದೋಣಿಯವರಿಗೂ ಕಾಣಬೇಕು. ಆ ಬಳೆ ತಿರುಗುವುದು ಯಾಕೆಂದು ಅಂಗಡಿಯವರನ್ನು ಕೇಳಿ ದಿನಚರಿಯಲ್ಲಿ ಬರೆದಿಟ್ಟರೆ ಉಪಕಾರ.

ಮತ್ತೆ, ಒಂದು ದಿನವಾದರೂ ಅದನ್ನು ಕಟ್ಟಿಕೊಂಡೇ ಸ್ನಾನ ಮಾಡಿ. ಇನ್ನೂರೆಂಬತ್ತು ವರ್ಷದ ಮೇಲೂ, ಈ ನೀರಿನ ನಡುವೆ, ಅದಕ್ಕೆ ಏನೂ ಆಗಿಲ್ಲ.

ನಿಮ್ಮ
ಮಾಸ್ತಪ್ಪ