ಸಮುದ್ರದ ತಳದ ಬಣ್ಣ

ಅಲ್ ಖುವೈರ್, ಮಸ್ಕತ್
೧೧ ಫೆಬ್ರವರಿ ೨೦೧೬

ಇನ್ನೂ ಸಿಟ್ಟು ಇಳಿಯದ ಅಂಜಲಿಗೆ, ಮೊದಲೇ ಕೈಮುಗಿದು,

ನನ್ನ ಫೋನು ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀ, ಅದಕ್ಕೇ ಈ ಕಾಗದ. ನೌಕರಿ ಕಳೆದುಕೊಂಡು ನಾಳೆ ಮಂಗಳೂರಿಗೆ ಹೊರಟಿರುವ ನಮ್ಮ ಆಫೀಸಿನ ಬೊನಿಫಾಸ್ ಇದನ್ನು ಅಲ್ಲಿಂದ ಧಾರವಾಡಕ್ಕೆ ಪೋಸ್ಟ್ ಮಾಡುತ್ತಾನೆ. ಕಚ್ಚಾ ಎಣ್ಣೆಯ ಬೆಲೆ ಬಿದ್ದ ಮೇಲೆ ನಮ್ಮ ವಿಭಾಗದ ಒಂಬತ್ತು ಕುರ್ಚಿಗಳಲ್ಲಿ ಉಳಿದದ್ದು ನನ್ನದೊಂದೇ. ಅದನ್ನು ಉಳಿಸಿದ್ದು ಆ ಕೆಂಪು ಕಲೆ ಎಂದು ಬೀಗುತ್ತಾ ನಿನಗೆ ಫೋಟೋ ಕಳಿಸಿದ್ದೆನಲ್ಲ.

ಯುರೋಪಿನ ಉತ್ತರ ಸಮುದ್ರದ ಕೆಲಸ. ಹಡಗಿನಿಂದ ಸದ್ದು ಮಾಡಿ, ನೆಲದಡಿಯಿಂದ ಬಂದ ಮಾರ್ದನಿಯನ್ನು ಚಿತ್ರ ಮಾಡಿ ಕಳಿಸಿದ್ದರು. ಹಿಮನದಿಗಳು ಬಿಟ್ಟುಹೋದ ಮರಳಿನಲ್ಲಿ, ಮೇಲ್ಮೇಲೇ ಎಲ್ಲಾದರೂ ಅನಿಲ ಅಡಗಿದೆಯೇ ಎಂದು ಹುಡುಕಬೇಕಿತ್ತು. ನಮ್ಮ ಆಫೀಸಿನಲ್ಲಿ ಕೆಂಪೆಂದರೆ ಮೆತ್ತನೆಯ ಪದರ, ಅಂದರೆ ಅನಿಲದ ಸುಳಿವು. ಚಿತ್ರದ ನಡುವೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಕಂಡಿತು. ನಮ್ಮ ಮ್ಯಾನೇಜರ್ ಮಹಮೂದ್ ಕೇಕ್ ತರಿಸಿ ನನ್ನ ಕೈಯಲ್ಲೇ ಕತ್ತರಿಸಿದ.

ಅಷ್ಟರಲ್ಲಿ ನಿನ್ನ ಒಂದೇ ಸಾಲು ಬಂತು: "ಸಮುದ್ರದ ತಳದ ಬಣ್ಣ ನೋಡೀರೇನ್ರಿ?"

ನೋಡಿರಲಿಲ್ಲ. ನೋಡಿದರೆ ಅದೂ ಕೆಂಪು! ನೀರಿಗಿಂತ ತಳ ಗಟ್ಟಿ, ಅದರ ಬಣ್ಣ ನೋಡಿಯೇ ಉಳಿದದ್ದನ್ನು ಓದಬೇಕು ಎಂಬುದು ಎಮ್ಮೆಸ್ಸಿಯಲ್ಲಿ ನಮಗಿಬ್ಬರಿಗೂ ಕಲಿಸಿದ ಮೊದಲ ಪಾಠ. ಚಿತ್ರ ಕಳಿಸಿದವರ ಪದ್ಧತಿ ನಮ್ಮದಕ್ಕೆ ಪೂರ್ತಿ ಉಲ್ಟಾ: ಕೆಂಪೆಂದರೆ ಗಟ್ಟಿ, ನೀಲಿಯೆಂದರೆ ಮೆತ್ತಗೆ. ನಾನು ಕೇಕ್ ತಿಂದದ್ದು ಹಿಮನದಿ ತುಳಿದು ಗಟ್ಟಿ ಮಾಡಿಟ್ಟ ಜಲ್ಲಿಯ ಹೆಸರಿನಲ್ಲಿ. ಮೂಲೆಯಲ್ಲಿ ಕಸವೆಂದು ಬಿಟ್ಟಿದ್ದ ನೀಲಿ ಚೂರೇ ಅನಿಲ ಇರಬಹುದಾದ ಜಾಗ.

ತಪ್ಪನ್ನು ನಾನೇ ಹಿಡಿದೆನೆಂದು ಮಹಮೂದ್‌ಗೆ ಹೇಳಿದೆ. ಅವನು ನಂಬಲಿಲ್ಲ. ನಿನ್ನೆಯವರೆಗೆ ಇಲ್ಲದ ಬುದ್ಧಿ ಇವತ್ತು ಎಲ್ಲಿಂದ ಬಂತು, ಸಚ್ ಬೋಲೋ ಅಂದ. ಎರಡನೇ ಕಪ್ ಕಹ್ವಾ ಕಾಫಿ ಮುಗಿಯುವಷ್ಟರಲ್ಲಿ ನಿನ್ನ ಹೆಸರು ಹೇಳಿಬಿಟ್ಟೆ.

ನೀನು ಸಿಟ್ಟಾಗಿ ಧಾರವಾಡಕ್ಕೆ ಹೊರಡುವ ಮುಂಚೆ, ಇಲ್ಲಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಆ ಊಟದಲ್ಲಿ, ಎಂಟು ಜನರೆದುರು, ಕಟ್ಟಿಕೊಂಡ ಹೆಂಡತಿಗೇ "ಒಲಿ ಮುಂದ ಕುಂತಾಕಿಗೆ ಕಲ್ಲಿನ ಮಾತ್ಯಾಕ" ಅಂದೆ. ಚಿನ್ನದ ಪದಕ ನಿನ್ನದು, ಉದ್ದ ನಾಲಿಗೆ ನನ್ನದು. ನಾಚಿಕೆಯಾಗುತ್ತಿದೆ, ಅಂಜಲಿ. ತಪ್ಪಾಯಿತು. ಬಾ ಎನ್ನಲು ಮುಖವಿಲ್ಲ, ಆದರೂ ಬಾ.

ಕೆಂಪನ್ನು ನಂಬಿ ಕೆಟ್ಟ ನಿನ್ನ
ಬಸವಂತ

ತಾ.ಕ.: ಮುಖ್ಯ ಸಂಗತಿ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಉಳಿದ ಆ ಒಂದು ಕುರ್ಚಿಯನ್ನು ಮಹಮೂದ್ ನಿನಗೆ ಕೊಡುತ್ತಾನಂತೆ. ತಿಂಗಳ ಕೊನೆಗೆ ನಾನು ಖಲಾಸ್. ನಾನೇ ಬಿಟ್ಟುಕೊಟ್ಟೆ ಎಂದು ಬರೆಯಬೇಕೆಂದಿದ್ದೆ, ಅದು ಸುಳ್ಳಾಗುತ್ತದೆ. ನೀನು ಬಂದರೆ ನಿನ್ನ ಜೊತೆ ಇಲ್ಲಿರುತ್ತೇನೆ, ಒಲ್ಲೆ ಎಂದರೆ ನಾನೇ ಧಾರವಾಡಕ್ಕೆ ಬರುತ್ತೇನೆ. ಒಲೆಯ ಮುಂದೆ ಈಗ ಕೂತಿರುವವನು ನಾನು. ರೊಟ್ಟಿ ಮಾತ್ರ ಇನ್ನೂ ಆ ಜಲ್ಲಿಯಷ್ಟೇ ಗಟ್ಟಿ.